ನೆರೆಯೂರಿನ ಪಂದ್ಯ: ಬೆಳಗಾವಿಯ ಫುಟ್‌ಬಾಲ್ ಮತ್ತು ಖಾನಾಪುರದ ಸಿದ್ದಿ ಮಕ್ಕಳು

ಬೆಳಗಾವಿಯಲ್ಲಿ ಫುಟ್‌ಬಾಲ್ ಮಳೆಗಾಲದ ಆಟ. ಜೂನ್‌ನಲ್ಲಿ ಶಾಲೆಗಳು ಶುರುವಾಗಿ, ಕ್ಯಾಂಪಿನ ದೊಡ್ಡ ಮರಗಳು ದಿನವಿಡೀ ತೊಟ್ಟಿಕ್ಕತೊಡಗಿದವೆಂದರೆ ಸೇಂಟ್ ಪಾಲ್ಸ್ ಮೈದಾನದಲ್ಲೂ ಟಿಳಕವಾಡಿಯ ಲೇಲೆ ಮೈದಾನದಲ್ಲೂ ಗೋಲ್ ಕಂಬದ ಮುಂದೆ ಕೆಂಪು ರಾಡಿ ನಿಲ್ಲುತ್ತದೆ. ಬೆಳಿಗ್ಗೆ ಹಾಕಿದ ಸುಣ್ಣದ ಗೆರೆ ಮೊದಲ ಪಂದ್ಯ ಮುಗಿಯುವುದರೊಳಗೆ ಕೊಚ್ಚಿಹೋಗಿರುತ್ತದೆ. ಕಟ್ಟಿಗೆ ಅಡ್ಡೆಯಿಂದ ತಂದ ಹೊಟ್ಟನ್ನು ಬೊಗಸೆಯಲ್ಲಿ ಸುರಿದು ಗೆರೆಯನ್ನು ಮತ್ತೆ ಎಳೆಯುವವರೂ ಹುಡುಗರೇ. ಆಟ ಅರ್ಧಕ್ಕೆ ಬರುವಷ್ಟರಲ್ಲಿ ಎರಡೂ ತಂಡದ ಜರ್ಸಿ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. "ಇತ್ತ ಕೊಡಲೇ" ಎಂದು ಒಬ್ಬ, "ಇಕಡೆ ದೇ" ಎಂದು ಇನ್ನೊಬ್ಬ, "ಛೋಡ್ ರೇ" ಎಂದು ಮಗದೊಬ್ಬ ಕೂಗುತ್ತಿರುತ್ತಾನೆ. ಮೂವರೂ ಒಂದೇ ತಂಡದವರು, ಮೂವರ ಮಾತೂ ಮೂವರಿಗೆ ತಿಳಿಯುತ್ತದೆ.

ಈ ಆಟ ನಮ್ಮೂರಿಗೆ ಹಲವು ದಾರಿಗಳಿಂದ ಬಂತು. ಬ್ರಿಟಿಷರ ದಂಡು ಒಂದು ದಾರಿ. 1922ರಿಂದ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ ಇಲ್ಲಿದೆ. ಪಾಳೆಯ ಇದ್ದಲ್ಲಿ ಚೆಂಡು ಇದ್ದೇ ಇರುತ್ತಿತ್ತು. 1856ರಲ್ಲಿ ಶುರುವಾದ ಸೇಂಟ್ ಪಾಲ್ಸ್ ಶಾಲೆ ಎರಡನೆಯ ದಾರಿ. ಅಲ್ಲಿ ಜೆಸ್ವಿಟ್ ಪಾದ್ರಿಗಳು ಆಟವನ್ನು ಪಾಠದಷ್ಟೇ ಮುತುವರ್ಜಿಯಿಂದ ನಡೆಸಿದರು. ಆ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ ನಡೆಸುವ ಫಾದರ್ ಎಡ್ಡಿ ಸ್ಮಾರಕ ಅಂತರಶಾಲಾ ಪಂದ್ಯಾವಳಿಯಲ್ಲಿ ಆಡುವುದೆಂದರೆ ಇಂದಿಗೂ ಊರಿನ ಹುಡುಗರಿಗೆ ದೊಡ್ಡ ಮಾತು. ಆ ಪಂದ್ಯಗಳಿಗೆ ಹೋದಾಗೆಲ್ಲ ನನ್ನ ಕಣ್ಣು ಆಟಗಾರರಿಗಿಂತ ಹೆಚ್ಚಾಗಿ ಗೆರೆಯಾಚೆ ನಿಂತ ತಂದೆ, ಅಜ್ಜಂದಿರ ಕಡೆಗೇ ಹೊರಳುತ್ತದೆ. ಮೂರು ತಲೆಮಾರು ಒಂದೇ ಕೊಡೆಯ ಕೆಳಗೆ ನಿಂತಿರುವುದನ್ನು ನಾನು ಅಲ್ಲಿಯೇ ಕಂಡದ್ದು.

ಆದರೆ ಈ ಊರಿನ ಫುಟ್‌ಬಾಲನ್ನು ನಿಜವಾಗಿ ಸಾಕಿದ್ದು ನೆರೆಹೊರೆ ಎಂಬುದು ನನ್ನ ನಂಬಿಕೆ. ಘಟ್ಟ ಇಳಿದರೆ ಗೋವಾ. ಅಲ್ಲಿ 1883ರಲ್ಲಿ ಸಿಯೋಲಿಂನಲ್ಲಿ ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಬ್ರಿಟಿಷ್ ಪಾದ್ರಿ ಮಕ್ಕಳಿಗೆ ಈ ಆಟ ಕಲಿಸಿದರೆಂದು ಗೋವೆಯವರು ನೆನೆಯುತ್ತಾರೆ. 2012ರಲ್ಲಿ ಗೋವಾ ಸರ್ಕಾರ ಫುಟ್‌ಬಾಲನ್ನು ತನ್ನ ರಾಜ್ಯಕ್ರೀಡೆಯೆಂದು ಸಾರಿತು. ಉತ್ತರಕ್ಕೆ ನೂರು ಕಿಲೋಮೀಟರ್ ಚಿಲ್ಲರೆ ಹೋದರೆ ಕೊಲ್ಹಾಪುರ. ಅಲ್ಲಿ ಕುಸ್ತಿಯ ತಾಲೀಮುಗಳೇ ಫುಟ್‌ಬಾಲ್ ತಂಡ ಕಟ್ಟಿಕೊಂಡಿವೆ. ಪಾಟಾಕಡೀಲ್ ತಾಲೀಮಿಗೂ ದಿಲಬಹಾರ್ ತಾಲೀಮಿಗೂ ಪಂದ್ಯವಿದ್ದ ದಿನ ಶಾಹೂ ಸ್ಟೇಡಿಯಂ ಹತ್ತಿರ ಹಾಯುವುದೇ ಕಷ್ಟ. ಈ ಎರಡು ಫುಟ್‌ಬಾಲ್ ನಾಡುಗಳ ನಡುವೆ ನಮ್ಮ ಬೆಳಗಾವಿ ಇದೆ. ಬೆಂಗಳೂರು ಐನೂರು ಕಿಲೋಮೀಟರ್ ದೂರ. ರಾಜ್ಯ ತಂಡದ ಆಯ್ಕೆಗೆ ನಮ್ಮ ಹುಡುಗ ಒಂದು ರಾತ್ರಿ ಪ್ರಯಾಣ ಮಾಡಬೇಕು. ಗೋವಾದಲ್ಲಿ ಪಂದ್ಯವಿದ್ದರೆ ಬೆಳಿಗ್ಗೆ ಹೊರಟು, ಆಡಿ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತಾನೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ, 1968–69ರ ನಂತರ ಮೊದಲ ಬಾರಿ ಸಂತೋಷ್ ಟ್ರೋಫಿ ಗೆದ್ದಾಗ ನಾವೂ ಕುಣಿದೆವು. ಆದರೆ ದಿನನಿತ್ಯದ ಆಟ ಬೆಳೆಯುವುದು ಅದೇ ದಿನ ಹೋಗಿ ಬರುವಷ್ಟು ಹತ್ತಿರದಲ್ಲಿ.

ಜಗತ್ತಿನಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿಕೊಟ್ಟದ್ದು ಪೂರ್ವ ಆಫ್ರಿಕಾ. 1926ರಲ್ಲಿ ಕೆನ್ಯಾ ಮತ್ತು ಉಗಾಂಡಾ ಎಂಬ ಎರಡು ನೆರೆನಾಡುಗಳು ಗಾಸೇಜ್ ಎಂಬ ಸಾಬೂನು ಕಂಪನಿಯವರು ಕೊಟ್ಟ ಒಂದು ಕಪ್ಪಿಗಾಗಿ ಆಡತೊಡಗಿದವು. 1945ರಲ್ಲಿ ಟಾಂಗನಿಕಾ, 1949ರಲ್ಲಿ ಜಾಂಜಿಬಾರ್ ಸೇರಿಕೊಂಡವು. ಆಫ್ರಿಕಾ ಖಂಡದ ಅತಿ ಹಳೆಯ ಪಂದ್ಯಾವಳಿ ಎಂದು ಇಂದು ಹೆಸರಾದ ಪೂರ್ವ ಮತ್ತು ಮಧ್ಯ ಆಫ್ರಿಕಾದ ಸೆಕಾಫಾ ಕಪ್ಪಿನ ಬೇರು ಅದೇ. ಈಗ ಆ ಭಾಗದ ದೇಶಗಳು 17 ಮತ್ತು 20 ವರ್ಷದೊಳಗಿನವರಿಗೂ ಇಂಥದೇ ನೆರೆಹೊರೆಯ ಪಂದ್ಯಾವಳಿ ನಡೆಸುತ್ತವೆ. ದಕ್ಷಿಣ ಆಫ್ರಿಕಾ ಭಾಗದ ದೇಶಗಳದ್ದು ಕೊಸಾಫಾ. 2020ರ ಡಿಸೆಂಬರ್‌ನಲ್ಲಿ ಅದರ 20 ವರ್ಷದೊಳಗಿನವರ ಕಪ್ಪನ್ನು ಮೊಜಾಂಬಿಕ್ ಗೆದ್ದಿತು. ಶಾಲಾ ಮಕ್ಕಳಿಗೂ ಈಗ ಇಡೀ ಖಂಡದ ಪಂದ್ಯಾವಳಿ ಇದೆ. ಮೊದಲು ಪ್ರತಿ ವಲಯದ ನೆರೆದೇಶಗಳ ಶಾಲೆಗಳು ತಮ್ಮಲ್ಲೇ ಆಡಿ, ಗೆದ್ದವು ಅಂತಿಮ ಹಂತಕ್ಕೆ ಬರುತ್ತವೆ. 2023ರ ಏಪ್ರಿಲ್‌ನಲ್ಲಿ ಡರ್ಬನ್‌ನಲ್ಲಿ ಗಿನಿಯ ಹುಡುಗರೂ ಟಾಂಜಾನಿಯಾದ ಹುಡುಗಿಯರೂ ಗೆದ್ದರು.

ಮೊಜಾಂಬಿಕ್ ಹೆಸರು ಕೇಳಿದಾಗ ಖಾನಾಪುರದ ನೆನಪಾಗದೆ ಇರದು. ನಮ್ಮ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, ಉತ್ತರ ಕನ್ನಡದ ಹಳಿಯಾಳದ ಗಡಿಗೆ ತಾಗಿದ ಕಾಡಂಚಿನ ಊರುಗಳಲ್ಲಿ ಸಿದ್ದಿ ಜನ ತಲೆತಲಾಂತರದಿಂದ ಬಾಳಿದ್ದಾರೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ಘಟ್ಟ ಹತ್ತಿ ತಪ್ಪಿಸಿಕೊಂಡು ಬಂದರು. ಕಾಡು ಅವರನ್ನು ಮರೆಮಾಡಿತು. ಅವರ ಮೂಲ ಆಫ್ರಿಕಾದ ಬಾಂಟು ಜನರಲ್ಲಿದೆ ಎಂಬುದನ್ನು 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳೂ ತಮ್ಮ ಅಧ್ಯಯನದಲ್ಲಿ ತೋರಿಸಿದರು. ಅದೇ ಪೋರ್ಚುಗೀಸ್ ಆಳ್ವಿಕೆಯ ಇನ್ನೊಂದು ತುದಿಯಲ್ಲಿ, ಮೊಜಾಂಬಿಕ್‌ನ ಇಂದಿನ ಮಾಪುಟೋದಲ್ಲಿ, 1942ರಲ್ಲಿ ಹುಟ್ಟಿದ ಯುಸೇಬಿಯೋ 1961ರಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್ಬಿಗೆ ಆಡತೊಡಗಿದ. ಆ ವರ್ಷದ ಡಿಸೆಂಬರ್‌ನಲ್ಲೇ ಗೋವಾ ವಿಮೋಚನೆಯಾಯಿತು. 1966ರ ವಿಶ್ವಕಪ್‌ನಲ್ಲಿ ಒಂಬತ್ತು ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದವನೂ ಅವನೇ. ಅದೇ ಕರಾವಳಿಯಿಂದ ಬಂದವರ ಮೊಮ್ಮಕ್ಕಳು ನಮ್ಮಿಂದ ಒಂದೆರಡು ತಾಸಿನ ದಾರಿಯಲ್ಲಿ, ಸುಗ್ಗಿ ಮುಗಿದ ಗದ್ದೆಯಲ್ಲಿ, ಭತ್ತದ ಕೂಳೆಯ ನಡುವೆ ಬರಿಗಾಲಲ್ಲಿ ಆಡುತ್ತಾರೆ. ನಾಲ್ಕು ಚಪ್ಪಲಿ ಇಟ್ಟರೆ ಎರಡು ಗೋಲಾಯಿತು. ಕೂಳೆ ಚುಚ್ಚುವುದರಿಂದ ಚೆಂಡನ್ನು ನೆಲಕ್ಕೆ ಬೀಳಿಸದೆ ಮೊಣಕಾಲು, ಎದೆಯ ಮೇಲೆ ಆಡಿಸುವುದು ಅವರಿಗೆ ಚಿಕ್ಕಂದಿನಿಂದಲೇ ಬಂದಿರುತ್ತದೆ. ನಮ್ಮ ತರಬೇತುದಾರರು ವರ್ಷಗಟ್ಟಲೆ ಹೇಳಿಕೊಡುವ ವಿದ್ಯೆ ಅದು.

ಇವರತ್ತ ಕ್ರೀಡಾಲೋಕ ಒಮ್ಮೆ ತಿರುಗಿ ನೋಡಿತ್ತು. 80ರ ದಶಕದಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದ ಕಾಲದಲ್ಲಿ ಚಿಗುರಿದ ಯೋಚನೆಯಿಂದ, ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ವಲಯ ಕ್ರೀಡಾ ಯೋಜನೆಯಲ್ಲಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅವರಂಥ ಓಟಗಾರರು ಬಂದದ್ದು ಅಲ್ಲಿಂದಲೇ. 1993ರಲ್ಲಿ ಯೋಜನೆ ನಿಂತಿತು. ಮಕ್ಕಳು ಊರಿಗೆ ಮರಳಿದರು. ಎಷ್ಟೋ ಮಂದಿ ಕೂಲಿಗೆ ಹೋದರು. ಆ ಯೋಜನೆ ನಿಂತದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಹುಟ್ಟಿದ ಬಗೆಯೂ ನನಗೆ ಒಪ್ಪಿಗೆಯಿಲ್ಲ. ಆಫ್ರಿಕಾದ ಮೈಕಟ್ಟು ಇದೆ, ಆದ್ದರಿಂದ ಪದಕ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿ, ಮಕ್ಕಳನ್ನು ಊರಿನಿಂದ ಬೇರೆ ಮಾಡಿ ದೂರ ಒಯ್ದರು. ಕೆನ್ಯಾ, ಉಗಾಂಡಾಗಳಲ್ಲಿ ಫುಟ್‌ಬಾಲ್ ಬೆಳೆದದ್ದು ಮೈಕಟ್ಟಿನಿಂದಲ್ಲ, ದಶಕಗಳ ಕಾಲ ನಡೆದ ನೆರೆಯವರ ಪಂದ್ಯದಿಂದ. ಆ ಅವಕಾಶ ಖಾನಾಪುರದ ಹುಡುಗನಿಗೆ ಯಾರೂ ಕೊಡಲಿಲ್ಲ.

ಸರ್ಕಾರಿ ಕಾಗದದಲ್ಲೂ ಅವನು ಬಹುಕಾಲ ಹೊರಗೇ ಇದ್ದ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಹಳಿಯಾಳ ತಾಲೂಕಿನ ಅಣ್ಣನಿಗೆ ಹಾಸ್ಟೆಲು, ವಿದ್ಯಾರ್ಥಿವೇತನ. ಹಳ್ಳದಾಚೆ ಖಾನಾಪುರದಲ್ಲಿದ್ದ ತಮ್ಮನಿಗೆ ಏನೂ ಇಲ್ಲ. ಒಂದೇ ಮನೆತನದ ನಡುವೆ ಜಿಲ್ಲೆಯ ಗಡಿ ಬಂದು ನಿಂತಿತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನೂ ಪಟ್ಟಿಗೆ ಸೇರಿಸುವ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಆ ಸಮುದಾಯದಿಂದ ರಾಜ್ಯ ಶಾಸಕಾಂಗಕ್ಕೆ ಹೋದ ಮೊದಲಿಗರಾದರು.

ಅದಕ್ಕೂ ಮೊದಲು, 2017ರ ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತಕ್ಕೆ ಬಂತು. ಗೋವೆಯ ಫಾತೋರ್ಡಾ ಕ್ರೀಡಾಂಗಣದಲ್ಲಿ ಗಿನಿಯ ಹುಡುಗರು ಕೋಸ್ಟರಿಕಾದೊಡನೆ 2–2ರ ಸಮ ಮಾಡಿಕೊಂಡರು. ಮಾಲಿಯ ಹುಡುಗರು ಇರಾಕನ್ನು 5–1ರಿಂದ ಮಣಿಸಿದರು. ಆಮೇಲೆ ಗುವಾಹಟಿಯ ಮಳೆಯಲ್ಲಿ ಮಾಲಿ ಘಾನಾವನ್ನು 2–1ರಿಂದ ಸೋಲಿಸಿತು. ಪಶ್ಚಿಮ ಆಫ್ರಿಕಾದ ಎರಡು ದೇಶಗಳ ಹುಡುಗರು ನಮ್ಮ ನೆಲದ ರಾಡಿಯಲ್ಲಿ ಆಡಿದ ಆಟ ಅದು. ಫಾತೋರ್ಡಾ ಖಾನಾಪುರಕ್ಕೆ ಅಷ್ಟೇನೂ ದೂರವಲ್ಲ. ತಾಲೂಕಿನ ಲೋಂಡಾದಿಂದ ರೈಲು ನೇರ ಆ ಕ್ರೀಡಾಂಗಣವಿರುವ ಮಡಗಾಂವಕ್ಕೆ ಇಳಿಯುತ್ತದೆ. ಅಂದು ಆ ರೈಲಿನಲ್ಲಿ ಖಾನಾಪುರದ ಸಿದ್ದಿ ಮಕ್ಕಳನ್ನು ಕೂರಿಸಿ ಕರೆದೊಯ್ಯಬೇಕಿತ್ತು ಎಂಬ ಕೊರಗು ನನಗೆ ಇನ್ನೂ ಇದೆ.

ಹಾಗಾಗಿ ಊರಿನ ಫುಟ್‌ಬಾಲ್ ಮಂದಿಯ ಮುಂದೆ ಒಂದು ಬೇಡಿಕೆ ಇಡುತ್ತೇನೆ. 15 ವರ್ಷದೊಳಗಿನವರ ನೆರೆಯೂರಿನ ಪಂದ್ಯಾವಳಿ ಒಂದನ್ನು ನಡೆಸೋಣ. ಗೋವಾ, ಕೊಲ್ಹಾಪುರ, ಬೆಳಗಾವಿ, ಹಳಿಯಾಳ ಇರಲಿ. ಖಾನಾಪುರದ ಸಿದ್ದಿ ಮಕ್ಕಳ ತಂಡಕ್ಕೂ ಅದರಲ್ಲಿ ತನ್ನದೇ ಹೆಸರು, ತನ್ನದೇ ಜರ್ಸಿ ಇರಲಿ. ಹುಡುಗಿಯರ ತಂಡವೂ ಬೇಕು. ಮೊದಲ ಸುತ್ತು ಬೆಳಗಾವಿಯಲ್ಲಿ ಬೇಡ, ಖಾನಾಪುರದಲ್ಲೇ ಆಗಲಿ. ಗೋವೆಯವರೂ ಕೊಲ್ಹಾಪುರದವರೂ ಅಲ್ಲಿಗೆ ಬರಲಿ. ಆ ಮಕ್ಕಳ ಅವ್ವ, ಅಪ್ಪ, ಅಜ್ಜಿಯರು ಸಹ ಗೆರೆಯಾಚೆ ನಿಂತು ನೋಡುವಂತಾಗಲಿ. ಪ್ರವೇಶ ಶುಲ್ಕ ಬೇಡ. ಬೂಟುಗಳನ್ನು ಪಂದ್ಯದ ಹಿಂದಿನ ದಿನ ಹಂಚಿದರೆ ಕಾಲಿಗೆ ಬೊಬ್ಬೆ ಬರುತ್ತದೆ. ಬರಿಗಾಲಿಗೆ ರೂಢಿಯಾದವರಿಗೆ ಬೂಟು ಹೊಂದಲು ಎರಡು ತಿಂಗಳಾದರೂ ಬೇಕು. ಮಳೆಗಾಲದಲ್ಲಿ ಪಂದ್ಯ ಇಡುವುದಾದರೆ ಏಪ್ರಿಲ್‌ನಲ್ಲೇ ಅಳತೆ ತೆಗೆದುಕೊಳ್ಳಬೇಕು.