ಲೈನಿಗೆ ಸೇರಿಸದೆ ಗ್ರಿಡ್ ಇನ್ವರ್ಟರ್ ಪರೀಕ್ಷೆ: ಪಿರಿಯಾಪಟ್ಟಣದ ರಿಪೇರಿ ಅಂಗಡಿಗಳಿಗೊಂದು ವಿಧಾನ

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆ ಬಿರುಮಳೆಗೆ ತಂತಿ ಹರಿದರೆ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಮಾರ್ಗದಾಳು ಲೈನ್ ಬಂದ್ ಆಗಿದೆಯೆಂಬ ಖಾತ್ರಿ (ಲೈನ್ ಕ್ಲಿಯರ್) ಪಡೆದು ಕಂಬ ಹತ್ತುತ್ತಾರೆ. ಅದೇ ಹೊತ್ತಿಗೆ ಯಾವುದೋ ತಾರಸಿಯ ಸೌರ ಇನ್ವರ್ಟರ್ ಲೈನಿಗೆ ಕರೆಂಟ್ ತಳ್ಳುತ್ತಿದ್ದರೆ, ಊರ ಟ್ರಾನ್ಸ್‌ಫಾರ್ಮರ್ (ಟಿ.ಸಿ.) ಅದನ್ನು 11 ಕಿಲೋವೋಲ್ಟ್‌ಗೆ ಏರಿಸಿ ಅವರ ಕೈಗೇ ಕಳಿಸುತ್ತದೆ. ಲೈನಿನಲ್ಲಿ ವೋಲ್ಟೇಜ್ ಕಾಣದಿದ್ದರೆ ಗ್ರಿಡ್ ಇನ್ವರ್ಟರ್ ಚಾಲೂ ಆಗದಿರುವುದು ಈ ಕಾರಣಕ್ಕೆ. ಗ್ರಿಡ್ ಕಡಿತವಾದ 2 ಸೆಕೆಂಡಿನೊಳಗೆ ಅದು ಕಳಚಿಕೊಳ್ಳಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳು ಹೇಳುತ್ತವೆ. ರಿಪೇರಿಯಾದ ಇನ್ವರ್ಟರ್‌ನಲ್ಲಿ ಮೊದಲು ನೋಡಬೇಕಾದ್ದು ಈ ಕಳಚಿಕೊಳ್ಳುವ ಗುಣವನ್ನು. ಅದು ಎಷ್ಟು ಯೂನಿಟ್ ಕೊಡುತ್ತದೆ ಎಂಬುದು ಆಮೇಲಿನ ಮಾತು.

ಪರೀಕ್ಷೆಗೆ ಬೇಕಾದ ವೋಲ್ಟೇಜನ್ನು ನಿಗಮದ ಲೈನಿನ ಬದಲು ಬೇರೆಡೆಯಿಂದ ಕೊಡಲು ಸುಲಭಕ್ಕೆ ಹೊಳೆಯುವ ದಾರಿ ಡೀಸೆಲ್ ಜನರೇಟರ್. ಆದರೆ ಲೋಡಿಗಿಂತ ಹೆಚ್ಚು ಶಕ್ತಿ ಇನ್ವರ್ಟರ್‌ನಿಂದ ಬಂದರೆ ಅದು ಜನರೇಟರನ್ನೇ ಮೋಟರಿನಂತೆ ತಿರುಗಿಸತೊಡಗುತ್ತದೆ. ಮನೆಯ ಬ್ಯಾಟರಿ ಇನ್ವರ್ಟರ್ ಇನ್ನೂ ಅಪಾಯ: ಹಿಮ್ಮುಖ ಪ್ರವಾಹ ಯಾವ ನಿಯಂತ್ರಣವೂ ಇಲ್ಲದೆ ಬ್ಯಾಟರಿಗೆ ನುಗ್ಗಬಹುದು. ಎರಡೂ ದಿಕ್ಕಿನ ಶಕ್ತಿಯನ್ನು ತಾಳುವ ಗ್ರಿಡ್ ಸಿಮ್ಯುಲೇಟರ್ ಸರಿಯಾದ ಉಪಕರಣ, ಆದರೆ ಅದರ ಬೆಲೆ ತಾಲ್ಲೂಕು ಕೇಂದ್ರದ ಅಂಗಡಿಗೆ ನಿಲುಕುವುದಲ್ಲ.

ಉಳಿಯುವ ಉಪಾಯ ಒಂದೇ: ಇನ್ವರ್ಟರ್‌ನ ಗರಿಷ್ಠ ಉತ್ಪಾದನೆಗಿಂತ ದೊಡ್ಡ ರೆಸಿಸ್ಟರ್ ಲೋಡನ್ನು ಜನರೇಟರಿಗೆ ಸದಾ ಕೂಡಿಸಿಟ್ಟಿರುವುದು. 2 ಕಿಲೋವ್ಯಾಟ್ ಇನ್ವರ್ಟರ್‌ಗೆ 3 ಕಿಲೋವ್ಯಾಟ್ ಲೋಡ್ ಇದ್ದರೆ ಜನರೇಟರ್ 1 ಕಿಲೋವ್ಯಾಟನ್ನು ಕೊಡುತ್ತಲೇ ಇರಬೇಕಾಗುತ್ತದೆ. ಹಿಮ್ಮುಖ ಹರಿವಿಗೆ ಎಡೆಯಿಲ್ಲ. ಆದರೆ ಗೀಸರನ್ನು ಇದಕ್ಕೆ ಬಳಸಲೇಬಾರದು. ನೀರು ಕಾದೊಡನೆ ಥರ್ಮೋಸ್ಟಾಟ್ ಲೋಡನ್ನು ಕಡಿದುಬಿಡುತ್ತದೆ, ಆ ಕ್ಷಣವೇ ಇಡೀ 2 ಕಿಲೋವ್ಯಾಟ್ ಜನರೇಟರ್ ಮೇಲೆ ಬೀಳುತ್ತದೆ. ಲೋಡಿನ ಪ್ರವಾಹ ನಿಂತರೆ ಇನ್ವರ್ಟರ್‌ನ ಕಾಂಟ್ಯಾಕ್ಟರೂ ಬಿಚ್ಚಿಕೊಳ್ಳುವಂತೆ ಜೋಡಣೆ ಇರಬೇಕು. ಇಡೀ ಪರೀಕ್ಷಾ ಮೇಜಿಗೂ ನಿಗಮದ ಸರ್ವೀಸಿಗೂ ತಂತಿಯ ಸಂಬಂಧವೇ ಇರಕೂಡದು.

ಈ ಜೋಡಣೆಯಲ್ಲಿ ಜನರೇಟರನ್ನು ಕಡಿದರೆ ಏನಾಗುತ್ತದೆ? 3 ಕಿಲೋವ್ಯಾಟ್ ಲೋಡ್ ಎಂದರೆ 230 ವೋಲ್ಟ್‌ಗೆ 17.6 ಓಮ್. ಇನ್ವರ್ಟರ್‌ನ 8.7 ಆಂಪಿಯರ್ ಅದರಲ್ಲಿ ಹರಿದರೆ ವೋಲ್ಟೇಜ್ ಸುಮಾರು 153ಕ್ಕೆ ಕುಸಿಯುತ್ತದೆ. ನಿಯಮದ ಕೆಳಮಿತಿ ಶೇಕಡಾ 80, ಅಂದರೆ 184 ವೋಲ್ಟ್. ಕಡಿಮೆ ವೋಲ್ಟೇಜಿನ ರಕ್ಷಣೆಯೊಂದೇ ಕೆಲಸ ಮಾಡಿದರೂ ಇನ್ವರ್ಟರ್ ನಿಲ್ಲುತ್ತದೆ, ಹಾಗಾಗಿ ಈ ಪರೀಕ್ಷೆಯಲ್ಲಿ ಪಾಸಾದದ್ದರಿಂದ ಹೆಚ್ಚೇನೂ ಸಾಬೀತಾಗದು. ಕಷ್ಟದ ಪರೀಕ್ಷೆ ಲೋಡೂ ಉತ್ಪಾದನೆಯೂ ಸಮನಾದಾಗಿನದು. ಆಗ ಗ್ರಿಡ್ ಹೋದುದು ವೋಲ್ಟೇಜಿನಲ್ಲಿ ಕಾಣುವುದೇ ಇಲ್ಲ. ಐಇಸಿ 62116 ಮತ್ತು ಭಾರತೀಯ ಮಾನಕ 16169 ಕೇಳುವುದು ಇದನ್ನೇ: ರೆಸಿಸ್ಟರ್ ಜೊತೆಗೆ 50 ಹರ್ಟ್ಸ್‌ಗೆ ಅನುರಣಿಸುವ ಇಂಡಕ್ಟರ್, ಕೆಪಾಸಿಟರ್. 1 ಕಿಲೋವ್ಯಾಟ್‌ಗೆ ಲೆಕ್ಕ ಹಾಕಿದರೆ 52.9 ಓಮ್, 168 ಮಿಲಿಹೆನ್ರಿ, 60 ಮೈಕ್ರೊಫ್ಯಾರಡ್.

ಇಷ್ಟು ದೊಡ್ಡ ಇಂಡಕ್ಟರನ್ನು ಸುತ್ತಿಸುವುದು ಸಣ್ಣ ಅಂಗಡಿಗೆ ಹೊರೆಯೇ. ಅದಿಲ್ಲದಿದ್ದರೆ ಲೋಡ್ ಸಮನಾದ ಸ್ಥಿತಿಯ ಪರೀಕ್ಷೆಯನ್ನು ಮಾಡಿದ್ದೇವೆಂದು ಬರೆದುಕೊಡಬಾರದು. ರಿಪೇರಿಯಾದ ಇನ್ವರ್ಟರ್ ವೋಲ್ಟೇಜ್ ಕುಸಿದಾಗ ಕಳಚಿಕೊಳ್ಳುತ್ತದೆ ಎಂಬಷ್ಟನ್ನು ಮಾತ್ರ, ಆಸಿಲೊಸ್ಕೋಪಿನಲ್ಲಿ ಅಳೆದ ಸಮಯದೊಂದಿಗೆ, ಗ್ರಾಹಕರ ಚೀಟಿಯಲ್ಲಿ ನಮೂದಿಸಬಹುದು.