ಕೂಳು, ಊಟ ಮತ್ತು ಮರ್ಯಾದೆ

ನೆಂಟರ ಎದುರಿಗೆ ಮಕ್ಕಳ ಬಾಯಿಂದ ಹೊರಡಬಾರದ ಮಾತುಗಳ ಅಲಿಖಿತ ಪಟ್ಟಿಯೊಂದು ಎಲ್ಲ ಮನೆಗಳಲ್ಲಿಯೂ ಉಂಟು. ಬೈಗುಳಗಳು ಅದರಲ್ಲಿರುವುದು ಸಹಜ. ಆದರೆ ಬೈಗುಳವಲ್ಲದ, ಉಣ್ಣುವ ಉಡುವ ನಿತ್ಯದ ಮಾತುಗಳೂ ಅದರಲ್ಲಿ ಸೇರಿರುತ್ತವೆ. ಅವು ಅಲ್ಲಿಗೆ ಬಂದು ಸೇರಿದ್ದಕ್ಕೆ ಒಂದು ಚರಿತ್ರೆಯಿದೆ.

‘ಕೂಳು’ ಎಂಬ ಮಾತನ್ನೇ ನೋಡೋಣ. ಹಳಗನ್ನಡದಲ್ಲಿ ‘ಕೂೞ್’ ಎಂದರೆ ಬೆಂದ ಅನ್ನ, ಆಹಾರ. ಹೀನಾಯದ ಸೋಂಕು ಅದಕ್ಕಿರಲಿಲ್ಲ. ತಮಿಳಿನಲ್ಲಿ ಅದರ ಸೋದರಶಬ್ದ ಇಂದಿಗೂ ಗಂಜಿಯನ್ನು ಸೂಚಿಸುತ್ತದೆ. 1894ರಲ್ಲಿ ಪ್ರಕಟವಾದ ಕಿಟೆಲ್ ಅವರ ನಿಘಂಟು ಸಹ ಈ ಮಾತಿಗೆ ಅನ್ನವೆಂಬ ಅರ್ಥವನ್ನು ಕೊಡುತ್ತದೆ. ಸಂಸ್ಕೃತದ ‘ಅನ್ನ’ ಪಂಕ್ತಿಯಲ್ಲಿ ಬಂದು ಕುಳಿತ ಮೇಲೆ ‘ಕೂಳು’ ಹಿತ್ತಿಲಿಗೆ ಸರಿಯಿತು. ಈಗ ಪಟ್ಟಣಗಳಲ್ಲಿ ಅದು ಕೇಳಿಬರುವುದು ‘ದಂಡಕ್ಕೆ ಕೂಳು’ ಎಂದು ಹಂಗಿಸುವಾಗ ಮಾತ್ರ. ‘ಉಣ್ಣು’ ಎಂಬುದರ ಪಾಡೂ ಬಹುಮಟ್ಟಿಗೆ ಹೀಗೆಯೇ. ಹಳೆಯ ಮೈಸೂರಿನ ಪಟ್ಟಣಗಳಲ್ಲಿ ‘ಊಟ ಆಯಿತೆ?’ ಎಂದರೆ ಸಭ್ಯತೆ, ‘ಉಂಡ್ರಾ?’ ಎಂದರೆ ಹಳ್ಳಿತನ. ‘ಊಟ’ವಾದರೋ ಆ ‘ಉಣ್’ ಧಾತುವಿನಿಂದಲೇ ಹುಟ್ಟಿದ್ದು! ‘ನಾಱು’ ಎಂಬ ಕ್ರಿಯಾಪದಕ್ಕೆ ಹಿಂದೆ ಸುವಾಸನೆ ಬೀರುವ ಅರ್ಥವೂ ಇತ್ತು. ಇಂದು ಹೂವು ನಾರುತ್ತಿದೆ ಎಂದರೆ ಹೂವಿಗೇ ಅವಮಾನ.

ಹಳೆಯದನ್ನು ಬಿಡದವರೇ ಒರಟರು ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ‘ಹಾಲು’ ಎನ್ನಬೇಕಾದಲ್ಲಿ ‘ಆಲು’ ಎನ್ನುವವನನ್ನು ನೋಡಿ ನಾವು ನಗುತ್ತೇವೆ. 941ರ ಸುಮಾರಿಗೆ ತನ್ನ ಭಾರತವನ್ನು ರಚಿಸಿದ ಪಂಪನ ಕಾಲದ ಕಾವ್ಯಭಾಷೆಯಲ್ಲಿ ಅದು ‘ಪಾಲ್’. ಮುಂದಿನ ಶತಮಾನಗಳಲ್ಲಿ ಪದದ ಮೊದಲ ಪಕಾರ ಮೆಲ್ಲಮೆಲ್ಲನೆ ಹಕಾರವಾಯಿತು; ಪಾಲು ಹಾಲಾಯಿತು, ಪೂವು ಹೂವಾಯಿತು. ಆ ಸಡಿಲಿಕೆ ಇಂದು ಶಿಷ್ಟಭಾಷೆ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ ‘ಆಲು’ ಮಾತ್ರ ಅನಾಗರಿಕ. ‘ಕೂಳು’ ಹಿಂದೆ ಉಳಿದದ್ದಕ್ಕೆ ಕೀಳಾಯಿತು, ‘ಆಲು’ ಮುಂದೆ ಹೋದದ್ದಕ್ಕೆ ಕೀಳಾಯಿತು. ಎಂದ ಮೇಲೆ ದೋಷ ಶಬ್ದದಲ್ಲಿಲ್ಲ; ಅದು ಯಾರ ಬಾಯಲ್ಲಿದೆ ಎಂಬುದನ್ನು ನೋಡಿ ನಾವು ಬೆಲೆ ಕಟ್ಟುತ್ತಿದ್ದೇವೆ, ಅಷ್ಟೆ.

ಮಾತಿಗೆ ಅಂಟಿದ ಈ ಮೈಲಿಗೆ ತಟ್ಟೆಯಲ್ಲಿರುವ ಪದಾರ್ಥಕ್ಕೂ ಅಂಟಿತ್ತು. ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ನುಂಗುವುದು ಅಕ್ಕಿಯುಣ್ಣುವ ಮನೆಗಳ ಕಣ್ಣಿಗೆ ಬಹುಕಾಲ ಒರಟು ಊಟ. ಈ ತಾರತಮ್ಯವನ್ನು ಹದಿನಾರನೆಯ ಶತಮಾನದಲ್ಲಿಯೇ ಕನಕದಾಸರು ‘ರಾಮಧಾನ್ಯಚರಿತೆ’ಯ ವಸ್ತುವನ್ನಾಗಿ ಮಾಡಿಕೊಂಡರು. ಅದರಲ್ಲಿ ಭತ್ತ ರಾಗಿಯನ್ನು ಕೀಳೆಂದು ಹಳಿಯುತ್ತದೆ. ಬಡವರನ್ನು ಪೊರೆಯುವವನು ತಾನೆಂದು ರಾಗಿ ಎದುರುತ್ತರ ಕೊಡುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದಾಗ ಭತ್ತ ಕಳೆಗುಂದಿತು, ರಾಗಿ ಗಟ್ಟಿಯಾಗಿ ಉಳಿಯಿತು. ತೀರ್ಪು ರಾಗಿಯ ಕಡೆಗಾಯಿತು. ತೀರ್ಪಿಗಿಂತ ಅದಕ್ಕಾಗಿ ಹಿಡಿದ ಅಳತೆಗೋಲು ನನಗೆ ಮುಖ್ಯವೆನಿಸುತ್ತದೆ: ಯಾರ ಪಂಕ್ತಿಯಲ್ಲಿ ಬಡಿಸುತ್ತಾರೆಂಬುದಲ್ಲ, ಯಾರ ಹಸಿವನ್ನು ಹಿಂಗಿಸುತ್ತದೆ ಎಂಬುದು.

ಹಾಗೆಂದು ಬಿಟ್ಟ ಮಾತುಗಳನ್ನೆಲ್ಲ ಮತ್ತೆ ತರಬೇಕೆಂದು ನಾನು ವಾದಿಸುವುದಿಲ್ಲ. ‘ಮುಂಡೆ’ ಎಂಬ ಬೈಗುಳದ ಹಿಂದೆ ಗಂಡ ಸತ್ತ ಹೆಣ್ಣಿನ ತಲೆ ಬೋಳಿಸಿದ ಕ್ರೌರ್ಯವಿದೆ. ಅಂಥ ಮಾತು ಮನೆಯಿಂದ ಹೊರಗೆ ಹೋದದ್ದು ನಿಜವಾದ ಸಂಸ್ಕಾರ. ನೋಯಿಸುವ ಮಾತನ್ನು ಬಿಡುವುದು ಒಂದು. ಬಡವರ ಮಾತೆಂದು ಬಿಡುವುದು ಇನ್ನೊಂದು. ಇವೆರಡನ್ನೂ ಮರ್ಯಾದೆಯೆಂಬ ಒಂದೇ ಹೆಸರಿನಿಂದ ಕರೆದು ನಾವು ಗೊಂದಲ ಮಾಡಿಕೊಂಡಿದ್ದೇವೆ.

ಈ ಗೊಂದಲದ ಬೆಲೆಯನ್ನು ತರಗತಿಗಳಲ್ಲಿ ಕಂಡಿದ್ದೇನೆ. ಹಳಗನ್ನಡದ ಪಾಠದಲ್ಲಿ ‘ಕೂೞ್’ ಎಂಬ ಮಾತು ಬಂದಾಗ ಪಟ್ಟಣದ ವಿದ್ಯಾರ್ಥಿಗಳು ಪುಸ್ತಕದ ಕೊನೆಯ ಶಬ್ದಕೋಶವನ್ನು ತಿರುವುತ್ತಿದ್ದರು. ಹಳ್ಳಿಯಿಂದ ಬಂದವರಿಗೆ ಅರ್ಥ ಗೊತ್ತಿತ್ತು. ಆದರೂ ಅವರು ತಲೆತಗ್ಗಿಸಿ ಕುಳಿತಿರುತ್ತಿದ್ದರು. ಮನೆಯ ಮಾತು ಶಾಲೆಯಲ್ಲಿ ಆಡತಕ್ಕದ್ದಲ್ಲವೆಂದು ಯಾರೋ ಅವರಿಗೆ ಮೊದಲೇ ಕಲಿಸಿಬಿಟ್ಟಿದ್ದರು. ಕಾವ್ಯದ ಬೀಗದಕೈ ಅವರ ತಾಯಂದಿರ ಅಡುಗೆಮನೆಯಲ್ಲಿಯೇ ಇತ್ತೆಂದು ಅವರಿಗೆ ಹೇಳಿದವರಿಲ್ಲ.