ಅಂದಿನ ಮನಸ್ಸು, ಇಂದಿನ ಮನಸ್ಸು: ಆರೋಪಿಯ ಚಿತ್ತಸ್ಥಿತಿಯನ್ನು ನ್ಯಾಯಾಲಯ ಅಳೆಯುವ ಬಗೆ

ಅಸ್ಸಾಂ ರಾಜ್ಯದ ಮಚಾಂಗ್ ಲಾಲುಂಗ್ ಎಂಬ ಬುಡಕಟ್ಟು ಯುವಕನನ್ನು ಪೊಲೀಸರು 1951ರಲ್ಲಿ ಬಂಧಿಸಿದಾಗ ಆತನಿಗೆ ಇಪ್ಪತ್ಮೂರರ ಪ್ರಾಯ. ಒಬ್ಬರಿಗೆ ತೀವ್ರ ಗಾಯ ಉಂಟುಮಾಡಿದನೆಂಬುದು ಆರೋಪ. ಮನಸ್ಸು ಸ್ವಸ್ಥವಾಗಿಲ್ಲವೆಂಬ ಕಾರಣಕ್ಕೆ ಆತನನ್ನು ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಈತ ಗುಣಮುಖನಾಗಿದ್ದಾನೆಂದು ಆಸ್ಪತ್ರೆಯು 1967ರಲ್ಲಿ ಅಧಿಕಾರಿಗಳಿಗೆ ತಿಳಿಸಿತು. ಆದರೂ ಲಾಲುಂಗ್ ಮನೆಗೆ ಹೋಗಲಿಲ್ಲ, ಆತನ ವಿಚಾರಣೆಯೂ ನಡೆಯಲಿಲ್ಲ, ಸೇರಿದ್ದು ಜೈಲನ್ನು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ವಿಷಯ ಬಂದ ಬಳಿಕ 2005ರಲ್ಲಿ, ಒಂದು ರೂಪಾಯಿಯ ಮುಚ್ಚಳಿಕೆಯ ಮೇಲೆ ಆತ ಹೊರಬಂದಾಗ ಐವತ್ನಾಲ್ಕು ವರ್ಷಗಳು ಕಳೆದಿದ್ದವು. ತಪ್ಪು ಮಾಡಿದ್ದನೋ ಇಲ್ಲವೋ ಎಂಬುದನ್ನು ಅಷ್ಟೂ ವರ್ಷ ಯಾವ ನ್ಯಾಯಾಧೀಶರೂ ತೀರ್ಮಾನಿಸಿರಲಿಲ್ಲ. 2007ರಲ್ಲಿ ಆತ ತೀರಿಕೊಂಡ.

ಮನೋರೋಗದ ಮಾತು ಬಂದೊಡನೆ ಜನಸಾಮಾನ್ಯರ ಮನಸ್ಸಿನಲ್ಲಿ ಮೂಡುವುದು ಚಲನಚಿತ್ರದ ದೃಶ್ಯ: ಹುಚ್ಚನಂತೆ ನಟಿಸಿ ಶಿಕ್ಷೆಯಿಂದ ಪಾರಾಗುವ ಚತುರ ಆರೋಪಿ. ವಾಸ್ತವದಲ್ಲಿ ಈ ಕಾನೂನು ತಪ್ಪಿಸಿಕೊಳ್ಳಲು ಸುಲಭದ ಹಾದಿಯಲ್ಲ. ಲಾಲುಂಗ್‌ನಂಥವರ ಪಾಲಿಗೆ ಅದು ಶಿಕ್ಷೆಗಿಂತ ದೀರ್ಘವಾದ ಬಂಧನವೂ ಆಗಬಲ್ಲುದು.

ಇಲ್ಲಿ ಪರಸ್ಪರ ಬೆರೆಸಬಾರದ ಎರಡು ಪ್ರಶ್ನೆಗಳಿವೆ. ಮೊದಲನೆಯದು ಇಂದಿನ ಪ್ರಶ್ನೆ: ಕಟಕಟೆಯಲ್ಲಿ ನಿಂತಿರುವ ಈ ವ್ಯಕ್ತಿ ತನ್ನ ಮೇಲಿನ ಮೊಕದ್ದಮೆಯನ್ನು ಅರ್ಥಮಾಡಿಕೊಂಡು ಪ್ರತಿವಾದ ಹೂಡಲು ಶಕ್ತನೇ? ಎರಡನೆಯದು ಅಂದಿನ ಪ್ರಶ್ನೆ: ಕೃತ್ಯ ನಡೆದ ಆ ಗಳಿಗೆಯಲ್ಲಿ ಅವನ ಚಿತ್ತ ಹೇಗಿತ್ತು? ಅಂದು ಭ್ರಮಾಧೀನನಾಗಿದ್ದವನು ಚಿಕಿತ್ಸೆಯಿಂದ ಇಂದು ಸಂಪೂರ್ಣ ಸ್ವಸ್ಥನಾಗಿರಬಹುದು. ಅಂದು ಎಲ್ಲವನ್ನೂ ಅರಿತೇ ಕೊಂದವನು ಸೆರೆಮನೆಯಲ್ಲಿ ಚಿತ್ತಸ್ವಾಸ್ಥ್ಯ ಕಳೆದುಕೊಂಡಿರಬಹುದು. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದಕ್ಕೂ ಸಿಕ್ಕಂತಾಗುವುದಿಲ್ಲ.

ವಿಚಾರಣೆ ಎದುರಿಸುವ ಸಾಮರ್ಥ್ಯ

ಇಂದಿನ ಪ್ರಶ್ನೆಯ ವಿಧಿವಿಧಾನಗಳು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 328ರಿಂದ 339ರವರೆಗಿನ ಕಲಂಗಳಲ್ಲಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವು 367ರಿಂದ 378ನೇ ಕಲಂಗಳಾಗಿವೆ. ಆರೋಪಿ ಅಸ್ವಸ್ಥಚಿತ್ತನೆಂಬ ಸಂಶಯ ಮೂಡಿದರೆ ನ್ಯಾಯಾಲಯವು ಮೊದಲು ಆ ವಿಷಯವನ್ನೇ ವಿಚಾರಿಸಬೇಕು. ಸರ್ಕಾರಿ ವೈದ್ಯಾಧಿಕಾರಿ ಪರೀಕ್ಷಿಸಿ, ಮನೋವೈದ್ಯರಿಗೆ ಅಥವಾ ಚಿಕಿತ್ಸಾ ಮನೋವಿಜ್ಞಾನಿಗೆ ಒಪ್ಪಿಸುತ್ತಾರೆ. ಅವರ ಅಭಿಪ್ರಾಯ ಒಪ್ಪಿಗೆಯಾಗದ ಆರೋಪಿ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಚಿಕಿತ್ಸಾ ಮನೋವಿಜ್ಞಾನಿಗೆ ಶಾಸನದಲ್ಲೇ ಈ ಸ್ಥಾನ ದೊರೆತದ್ದು 2008ರ ತಿದ್ದುಪಡಿಯಿಂದ.

ಪರೀಕ್ಷಕರು ಹುಡುಕುವುದು ರೋಗದ ಹೆಸರನ್ನಲ್ಲ. ನಿಮ್ಮ ಮೇಲೆ ಯಾವ ಆರೋಪವಿದೆ, ನ್ಯಾಯಾಧೀಶರ ಕೆಲಸವೇನು, ಆ ಕಡೆ ನಿಂತ ವಕೀಲರು ಯಾರ ಪರ, ತಪ್ಪೊಪ್ಪಿಕೊಂಡರೆ ಏನಾಗುತ್ತದೆ, ಸಾಕ್ಷಿ ಸುಳ್ಳು ಹೇಳಿದರೆ ನಿಮ್ಮ ವಕೀಲರಿಗೆ ಏನೆಂದು ತಿಳಿಸುವಿರಿ ಎಂಬಂಥ ಸರಳ ಪ್ರಶ್ನೆಗಳವು. ಸ್ಕಿಜೋಫ್ರೇನಿಯಾ ಇದ್ದೂ ಇವಕ್ಕೆಲ್ಲ ಸಮರ್ಪಕವಾಗಿ ಉತ್ತರಿಸುವವರಿದ್ದಾರೆ. ಅಂಥವರ ವಿಚಾರಣೆ ನಡೆಯಬಹುದು. ಬುದ್ಧಿಶಕ್ತಿಯ ಮಿತಿಯಿರುವವರ ವಿಷಯದಲ್ಲಿ ಪರೀಕ್ಷೆ ಇನ್ನಷ್ಟು ಸೂಕ್ಷ್ಮ. ನಮ್ಮ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಿನೆ-ಕಾಮತ್ ಬುದ್ಧಿಮಾಪನ ಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ರೂಪಿಸಿದರೆಂಬುದು ಇಲ್ಲಿ ಸ್ಮರಣೀಯ. ಭಾಷೆ ಗೌಣ ವಿಷಯವಲ್ಲ. ಲಂಬಾಣಿಯನ್ನಷ್ಟೇ ಬಲ್ಲ ಆರೋಪಿಯನ್ನು ಪುಸ್ತಕದ ಕನ್ನಡದಲ್ಲಿ ಪ್ರಶ್ನಿಸಿದರೆ ಅವನ ಮೌನವನ್ನು ರೋಗವೆಂದೋ ಮೊಂಡುತನವೆಂದೋ ತಪ್ಪಾಗಿ ಓದುವ ಅಪಾಯವಿದೆ.

ಅಸಮರ್ಥನೆಂದು ಕಂಡುಬಂದರೆ ವಿಚಾರಣೆ ಮುಂದೂಡಲ್ಪಡುತ್ತದೆ. ಜಾಮೀನು ನೀಡಲಾಗದ ಅಪರಾಧವೆಂಬ ಒಂದೇ ಕಾರಣಕ್ಕೆ ಅವನನ್ನು ಒಳಗಿಡಬೇಕೆಂದಿಲ್ಲ. ಹೊರರೋಗಿಯಾಗಿ ಚಿಕಿತ್ಸೆ ಸಾಕೆನಿಸಿ, ಬಂಧುವೋ ಸ್ನೇಹಿತನೋ ಹೊಣೆ ಹೊತ್ತರೆ ಬಿಡುಗಡೆಗೆ ಅವಕಾಶವಿದೆ. ಹೊಣೆ ಹೊರುವವರು ಯಾರೂ ಬಾರದಿದ್ದಾಗ, ಮುಂದೂಡಿದ ಕಡತವನ್ನು ಯಾರೂ ತೆರೆಯದಿದ್ದಾಗ ಮತ್ತೊಬ್ಬ ಲಾಲುಂಗ್ ಹುಟ್ಟಿಕೊಳ್ಳುತ್ತಾನೆ.

ಹೊಣೆಗಾರಿಕೆಯ ಪ್ರಶ್ನೆ

ಅಂದಿನ ಪ್ರಶ್ನೆಯ ಬೇರು ಲಂಡನ್ನಿನಲ್ಲಿದೆ. 1843ರ ಜನವರಿಯಲ್ಲಿ ಡೇನಿಯಲ್ ಮೆಕ್ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲ್ ಅವರ ಆಪ್ತ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್ ಅವರಿಗೆ ಗುಂಡಿಕ್ಕಿದ. ಆಡಳಿತ ಪಕ್ಷದವರು ತನ್ನನ್ನು ಬೆನ್ನಟ್ಟಿ ಕಾಡುತ್ತಿದ್ದಾರೆಂಬ ಭ್ರಮೆ ಆತನದು. ಆತ ಖುಲಾಸೆಗೊಂಡಾಗ ದೊಡ್ಡ ಗದ್ದಲವೇ ಎದ್ದಿತು. ಹೌಸ್ ಆಫ್ ಲಾರ್ಡ್ಸ್ ಕೇಳಿದ ಪ್ರಶ್ನೆಗಳಿಗೆ ನ್ಯಾಯಾಧೀಶರು ನೀಡಿದ ಉತ್ತರಗಳೇ ಮೆಕ್ನಾಟನ್ ನಿಯಮಗಳೆಂದು ಹೆಸರಾದವು. 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಂ ಅದೇ ಎರಕದ್ದು. ಇಂದು ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಆಗಿದೆ. 2024ರ ಜುಲೈ 1ಕ್ಕೆ ಮುಂಚಿನ ಕೃತ್ಯಗಳಿಗೆ ಹಳೆಯದೇ ಅನ್ವಯ. ಕಲಂನ ಸಂಖ್ಯೆ ಬದಲಾಯಿತೇ ಹೊರತು ಕಸೌಟಿ ಬದಲಾಗಲಿಲ್ಲ.

ಕಸೌಟಿ ಇಷ್ಟು: ಅಸ್ವಸ್ಥಚಿತ್ತತೆಯ ಕಾರಣದಿಂದ ತನ್ನ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧವೆಂಬುದನ್ನಾಗಲಿ ಅರಿಯಲಾರದವನು ಮಾಡಿದ ಕೃತ್ಯ ಅಪರಾಧವಲ್ಲ. ಮಲಗಿದ್ದ ಮನುಷ್ಯನನ್ನು ಬಾಳೆದಿಂಡೆಂದು ಬಗೆದು ಕಡಿದವನಿಗೆ ಕೃತ್ಯದ ಸ್ವರೂಪವೇ ತಿಳಿದಿರಲಿಲ್ಲ. ಕಡಿಯುತ್ತಿರುವುದು ಮನುಷ್ಯನನ್ನೇ ಎಂದು ಗೊತ್ತಿದ್ದೂ, ಆತ ತನ್ನನ್ನು ಕೊಲ್ಲಲು ಕತ್ತಿ ಎತ್ತಿದ್ದಾನೆಂದು ಭ್ರಮೆಯಿಂದ ನಂಬಿದವನು ಎರಡನೆಯ ಭಾಗಕ್ಕೆ ಸೇರಬಹುದು. ಗೊತ್ತಿತ್ತು, ಆದರೆ ತಡೆದುಕೊಳ್ಳಲಾಗಲಿಲ್ಲ ಎಂಬವನಿಗೆ ಈ ಕಲಂನಲ್ಲಿ ಜಾಗವಿಲ್ಲ. ಮನೋವೈದ್ಯರಲ್ಲಿ ಅನೇಕರಿಗೆ ಇದು ಹತ್ತೊಂಬತ್ತನೆಯ ಶತಮಾನದ ಕಿರಿದಾದ ಬಾಗಿಲಾಗಿ ಕಾಣುತ್ತದೆ. ಆ ಆಕ್ಷೇಪದಲ್ಲಿ ಹುರುಳಿದೆ: ರೋಗವು ಅರಿವನ್ನಷ್ಟೇ ಕೆಡಿಸಿ ಇಚ್ಛೆಯನ್ನೂ ಭಾವನೆಯನ್ನೂ ಹಾಗೆಯೇ ಬಿಟ್ಟುಬಿಡುತ್ತದೆಂದು ಇಂದು ಯಾರೂ ನಂಬುವುದಿಲ್ಲ.

ವೈದ್ಯಕೀಯ ದೃಷ್ಟಿಯ ಹುಚ್ಚು ಬೇರೆ, ಕಾನೂನಿನ ದೃಷ್ಟಿಯ ಹುಚ್ಚು ಬೇರೆ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. 2011ರ ಸುರೇಂದ್ರ ಮಿಶ್ರಾ ಪ್ರಕರಣ ಅವುಗಳಲ್ಲೊಂದು. ಚಿತ್ತಸ್ವಾಸ್ಥ್ಯ ಇರಲಿಲ್ಲವೆಂದು ತೋರಿಸುವ ಭಾರ ಆರೋಪಿಯದೇ. ಆದರೆ ಆ ಭಾರ ಎಷ್ಟು ಎಂಬುದನ್ನು 1964ರ ದಹ್ಯಾಭಾಯಿ ಠಕ್ಕರ್ ತೀರ್ಪು ಸ್ಪಷ್ಟಪಡಿಸಿತು: ಪ್ರಾಸಿಕ್ಯೂಷನ್‌ನಂತೆ ಸಂಶಯಾತೀತವಾಗಿ ಸಾಧಿಸಬೇಕಿಲ್ಲ, ಸಂಭವನೀಯತೆ ತನ್ನ ಕಡೆಗೆ ವಾಲಿದೆಯೆಂದು ತೋರಿಸಿದರೆ ಸಾಕು. ಅಷ್ಟು ಮಾಡಲಾಗದಿದ್ದರೂ, ಅವನ ಉದ್ದೇಶದ ಬಗ್ಗೆ ನ್ಯಾಯೋಚಿತ ಸಂಶಯ ಹುಟ್ಟಿದರೆ ಅದರ ಲಾಭ ಅವನಿಗೇ ಸಲ್ಲಬೇಕು.

ಕೃತ್ಯಕ್ಕೆ ಕಾರಣವೇ ಕಾಣುವುದಿಲ್ಲ, ಆರೋಪಿ ಓಡಿಹೋಗಲೂ ಇಲ್ಲ ಎಂಬಷ್ಟೇ ಸಾಲದೆಂದು 1972ರ ಶೇರ್ ಅಲಿ ತೀರ್ಪು ಹೇಳಿತ್ತು. ಹಾಗಾದರೆ ಸಾಲುವುದು ಯಾವುದು? 2002ರ ಶ್ರೀಕಾಂತ್ ಆನಂದರಾವ್ ಭೋಸಲೆ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಮಹಾರಾಷ್ಟ್ರದ ಈ ಪೊಲೀಸ್ ಕಾನ್‌ಸ್ಟೆಬಲ್ 1994ರಲ್ಲಿ ತನ್ನ ಪತ್ನಿಯನ್ನು ರುಬ್ಬುವ ಕಲ್ಲಿನಿಂದ ಹೊಡೆದು ಕೊಂದಿದ್ದ. ಕುಟುಂಬದಲ್ಲಿ ಮನೋರೋಗದ ಇತಿಹಾಸವಿತ್ತು, ಘಟನೆಗೆ ಮುಂಚಿನಿಂದಲೇ ಆತ ಚಿಕಿತ್ಸೆ ಪಡೆಯುತ್ತಿದ್ದ, ಬಂಧನದ ನಂತರದ ತಿಂಗಳುಗಳಲ್ಲಿ ಪದೇ ಪದೇ ಆಸ್ಪತ್ರೆಗೆ ಒಯ್ಯಬೇಕಾಗಿತ್ತು. ಆ ಗಳಿಗೆಯನ್ನು ಕಂಡು ರೋಗವನ್ನು ಗುರುತಿಸಿದ ವೈದ್ಯರು ಯಾರೂ ಇರಲಿಲ್ಲ. ಆದರೆ ಹಿಂದಿನ ಮತ್ತು ಮುಂದಿನ ದಾಖಲೆಗಳನ್ನು ಜೋಡಿಸಿದಾಗ ನಡುವಿನ ಗಳಿಗೆ ತಾನಾಗಿ ಬೆಳಕಿಗೆ ಬಂತು. ಸುಪ್ರೀಂ ಕೋರ್ಟ್ ಆತನಿಗೆ 84ನೇ ಕಲಂನ ಲಾಭ ನೀಡಿತು.

ತಜ್ಞರ ಕೆಲಸ ಇರುವುದೂ ಈ ಜೋಡಣೆಯಲ್ಲೇ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗೆ ಆರೋಪಿ ಬರುವ ಹೊತ್ತಿಗೆ ಘಟನೆ ನಡೆದು ತಿಂಗಳುಗಳೇ ಕಳೆದಿರಬಹುದು. ಒಂದು ಗಂಟೆಯ ಮಾತುಕತೆಯಿಂದ ಏನೂ ತೀರ್ಮಾನವಾಗದು. ವಾರ್ಡಿನಲ್ಲಿರಿಸಿ ದಿನಗಟ್ಟಲೆ ಗಮನಿಸುತ್ತಾರೆ: ಊಟ, ನಿದ್ರೆ, ಒಬ್ಬನೇ ಇದ್ದಾಗಿನ ನಡವಳಿಕೆ. ರೋಗ ನಟಿಸುವವನು ವೈದ್ಯರೆದುರು ವಿಚಿತ್ರವಾಗಿ ವರ್ತಿಸಬಲ್ಲ. ಹಗಲೂ ರಾತ್ರಿ ವಾರಗಟ್ಟಲೆ ಅದನ್ನು ನಿಭಾಯಿಸುವುದು ಕಷ್ಟ. ಮನೆಯವರ ಹೇಳಿಕೆ, ಹಳೆಯ ಔಷಧ ಚೀಟಿ, ಪೊಲೀಸ್ ಕಡತ, ಸಾಕ್ಷಿಗಳು ಕಂಡ ವರ್ತನೆ ಎಲ್ಲವನ್ನೂ ಓದಿ ವರದಿ ಬರೆಯುತ್ತಾರೆ. ಆ ವರದಿ ಅಭಿಪ್ರಾಯ ಮಾತ್ರ. ವೈದ್ಯರು ಪಾಟೀಸವಾಲಿಗೆ ಒಳಪಡಬೇಕು, ಅಂತಿಮ ನಿರ್ಣಯ ನ್ಯಾಯಾಧೀಶರದೇ. ಇದನ್ನು ಮಂಪರು ಪರೀಕ್ಷೆಯೊಂದಿಗೆ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಅದು ತನಿಖೆಯ ಸಾಧನ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತದ್ದು ಕರ್ನಾಟಕದ್ದೇ ಆದ ಸೆಲ್ವಿ ಪ್ರಕರಣದಲ್ಲಿ.

ಎಲ್ಲಕ್ಕಿಂತ ದುರ್ಬಲ ಕೊಂಡಿ ಠಾಣೆಯ ಮೊದಲ ದಿನಗಳು. ಮನೋರೋಗದ ಪೂರ್ವೇತಿಹಾಸ ತಿಳಿದುಬಂದರೆ ಆರೋಪಿಯನ್ನು ವೈದ್ಯಕೀಯ ಪರೀಕ್ಷೆಗೆ ಒಳಪಡಿಸಿ ಆ ಸಾಕ್ಷ್ಯವನ್ನು ನ್ಯಾಯಾಲಯದ ಮುಂದಿಡುವುದು ತನಿಖಾಧಿಕಾರಿಯ ಕರ್ತವ್ಯ, ಹಾಗೆ ಮಾಡದಿದ್ದರೆ ಪ್ರಾಸಿಕ್ಯೂಷನ್ ವಾದವೇ ದುರ್ಬಲವಾಗುತ್ತದೆಂದು 2007ರ ಬಾಪು ಅಲಿಯಾಸ್ ಗಜರಾಜ್ ಸಿಂಗ್ ತೀರ್ಪಿನಲ್ಲಿ ಹೇಳಲಾಗಿದೆ. ಮೈಮೇಲೆ ದೇವರು ಬಂತು, ಗಾಳಿ ಸೋಂಕಿತು ಎಂಬ ಮಾತುಗಳನ್ನು ಮಹಜರಿನಲ್ಲಿ ನಗೆಯಾಡಿ ಬಿಟ್ಟುಬಿಟ್ಟರೆ ಮುಂದೆ ಯಾವ ತಜ್ಞರೂ ಅದನ್ನು ಮರಳಿ ತರಲಾರರು. ಅದೃಶ್ಯ ಶಕ್ತಿಯ ವಶದಲ್ಲಿದ್ದೆನೆಂದು ಹೇಳಿದ್ದ ಛತ್ತೀಸ್‌ಗಢದ ತಾಯಿಯೊಬ್ಬರ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಲೆಯ ಶಿಕ್ಷೆಯನ್ನು ಕೊಲೆಯಲ್ಲದ ನರಹತ್ಯೆಗೆ ಇಳಿಸಿತು. ಇಂಥ ಸುಳಿವು ಸಿಕ್ಕಾಗ ವಿಚಾರಣಾ ನ್ಯಾಯಾಧೀಶರೇ ಸಾಕ್ಷಿಗಳನ್ನು ಪ್ರಶ್ನಿಸಬೇಕಿತ್ತೆಂಬ ಅಭಿಪ್ರಾಯವನ್ನೂ ಅದು ವ್ಯಕ್ತಪಡಿಸಿತು.

ಶಿಕ್ಷೆ ವಿಧಿಸಿದ ನಂತರವೂ ಚಿತ್ತಸ್ಥಿತಿಗೆ ಬೆಲೆಯಿದೆ. ಮನೋರೋಗವು ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಇಳಿಸಲು ಕಾರಣವಾಗಬಲ್ಲುದೆಂದು 2014ರ ಶತ್ರುಘ್ನ ಚೌಹಾಣ್ ತೀರ್ಪು ಹೇಳಿತು. ಶಿಕ್ಷೆಯ ಬಳಿಕ ಉಂಟಾದ ತೀವ್ರ ರೋಗವನ್ನೂ ಪರಿಗಣಿಸಬಹುದೆಂದು 2019ರಲ್ಲಿ ಮತ್ತೊಂದು ತೀರ್ಪು ಬಂತು.

ಇನ್ನು 22ನೇ ಕಲಂನಡಿ ಖುಲಾಸೆಯಾದವನು ಸೀದಾ ಮನೆಗೆ ನಡೆಯುವುದಿಲ್ಲ. ಕೃತ್ಯವನ್ನು ಆತ ಎಸಗಿದ್ದನೇ ಇಲ್ಲವೇ ಎಂಬುದನ್ನು ತೀರ್ಪಿನಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು. ಎಸಗಿದ್ದನೆಂದಾದರೆ, ಸುರಕ್ಷಿತ ಅಭಿರಕ್ಷೆಯಲ್ಲಿಡಬೇಕು ಅಥವಾ ಆರೈಕೆಯ ಭರವಸೆ ನೀಡಿ ಮುಚ್ಚಳಿಕೆ ಬರೆದುಕೊಡುವ ಬಂಧುವಿಗೋ ಸ್ನೇಹಿತನಿಗೋ ಒಪ್ಪಿಸಬೇಕು. ಸತ್ತವರು ಆ ಮನೆಯವರೇ ಆಗಿದ್ದಾಗ ಮುಚ್ಚಳಿಕೆಗೆ ಸಹಿ ಹಾಕಬೇಕಾದವರು ಸಂತ್ರಸ್ತರ ಅಣ್ಣನೋ, ಮಗನೋ, ತಾಯಿಯೋ ಆಗಿರುತ್ತಾರೆ.